ಅಣ್ಣಾವ್ರ ಫೋಟೊಗಳು ಹೇಳೋದೇನು?

ನಮ್ಮಲ್ಲಿ ಹೆಚ್ಚಿನವರು ಡಾ. ರಾಜ್‌ಕುಮಾರ್ ಅವರನ್ನು ಕಣ್ಣಾರೆ ಕಂಡವರಲ್ಲ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ನಮಗೆ ಐದಾರು ವರ್ಷ. ಅವರು ನಮಗೆ ಸಿಕ್ಕಿದ್ದು ಹೆಚ್ಚಾಗಿ ಫೋಟೊಗಳಲ್ಲೇ: ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆ, ಆಟೋದ ಬೆನ್ನು, ಅಜ್ಜಿ ಮನೆಯ ಕ್ಯಾಲೆಂಡರ್. ಇಲ್ಲಿ ರಾಜ್ಯೋತ್ಸವದ ಪೋಸ್ಟರ್ ಮಾಡುವಾಗಲೂ ನಾವು ಹುಡುಕೋದು ಅವನ್ನೇ. ಒಮ್ಮೆ ನಿಧಾನವಾಗಿ ನೋಡೋಣ.

ಮೊದಲನೆಯ ಬಗೆ ಸಿನಿಮಾ ಸ್ಟಿಲ್. ಮಯೂರ, ಬಬ್ರುವಾಹನ, ಕೃಷ್ಣದೇವರಾಯರ ಗತ್ತಿನ ಚಿತ್ರಗಳು ಸಿನಿಮಾ ರೀಲಿನಿಂದಲೇ ಬಂದವು ಅಂತ ನಾವು ಅಂದುಕೊಂಡಿರುತ್ತೇವೆ. ಸಾಮಾನ್ಯವಾಗಿ ಹಾಗಲ್ಲ. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ಹಿಡಿಯುತ್ತದೆ. ನಟ ಕತ್ತಿ ಬೀಸಿದರೆ ಒಂದೊಂದೇ ಚಿತ್ರದಲ್ಲಿ ಆ ಕೈ ಮಸುಕಾಗಿ ಕಾಣುತ್ತದೆ. ಅದಕ್ಕೇ ಶಾಟ್ ಓಕೆ ಆದ ಮೇಲೆ ಸ್ಟಿಲ್ ಫೋಟೊಗ್ರಾಫರ್ ಬೇರೆ ಕ್ಯಾಮೆರಾ ಹಿಡಿದು, ನಟರನ್ನು ಅದೇ ಭಂಗಿಯಲ್ಲಿ ನಿಲ್ಲಿಸಿ ಫೋಟೊ ತೆಗೀತಿದ್ರು. ಥಿಯೇಟರಿನ ಗಾಜಿನ ಪೆಟ್ಟಿಗೆಯಲ್ಲಿ, ಪತ್ರಿಕೆಗಳಲ್ಲಿ ಬರುತ್ತಿದ್ದದ್ದು ಅವೇ. ಅಂದ್ರೆ ನಮ್ಮ ನೆನಪಿನಲ್ಲಿರುವ ಎಷ್ಟೋ 'ದೃಶ್ಯ'ಗಳು ಸಿನಿಮಾದಲ್ಲಿ ಹಾಗೆ ಬಂದೇ ಇಲ್ಲ!

ಎರಡನೆಯ ಬಗೆ ಮನೆಯ ಫೋಟೊಗಳು. 2012ರಲ್ಲಿ ಪುನೀತ್ ರಾಜ್‌ಕುಮಾರ್ ಮತ್ತು ಪ್ರಕೃತಿ ಬನವಾಸಿ ಹೊರತಂದ ಪುಸ್ತಕದಲ್ಲಿ ಇಂಥವು ರಾಶಿ ಇವೆ. ಇಲ್ಲಿ ಕಿರೀಟ ಇಲ್ಲ. ಬಿಳಿ ಪಂಚೆ, ಬಿಳಿ ಶರಟು, ಅಷ್ಟೇ. ಕಿರೀಟ ಪಾತ್ರದ್ದು, ಶೂಟಿಂಗ್ ಮುಗಿದರೆ ವಾಪಸ್ಸು. ಪಂಚೆ ಅವರದ್ದು. ಅಭಿಮಾನಿಗಳಿಗೆ ಇವೆರಡೂ ಒಬ್ಬರೇ ಮನುಷ್ಯನ ಫೋಟೊಗಳಾಗಿ ಉಳಿದವು ಅನ್ನೋದೇ ದೊಡ್ಡ ವಿಷಯ.

ಇನ್ನು ವಸ್ತುಗಳು. ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದ ಮುತ್ತುರಾಜನಿಗೆ 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಹೆಸರಿನ ಹಿಂದಿನ 'ಡಾ.' ಅಲ್ಲಿಂದ ಬಂದದ್ದು. 1985ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದಿಂದ 'ಕೆಂಟಕಿ ಕರ್ನಲ್' ಗೌರವ ಬಂತು. ಇದು ಸೈನ್ಯದ ಹುದ್ದೆಯಲ್ಲ, ಅಲ್ಲಿನ ಗವರ್ನರ್ ಕೊಡುವ ಬಿರುದು. 1995ರ ಫಾಲ್ಕೆ ಪ್ರಶಸ್ತಿಯೂ ಅವರಿಗೇ ಸಂದಿತು. ಇವೆಲ್ಲ ಗಾಜಿನ ಕಪಾಟಿನಲ್ಲಿ ಇಡಬಹುದಾದಂಥವು.

ಕಪಾಟಿನಲ್ಲಿ ಇಡಲಾಗದ್ದು ಇನ್ನೊಂದಿದೆ. ಅವರು ನಾಯಕನಾದ ಮೊದಲ ಚಿತ್ರ, 1954ರ 'ಬೇಡರ ಕಣ್ಣಪ್ಪ'. ಶಿವನಿಗೆ ತನ್ನ ಕಣ್ಣನ್ನೇ ಕಿತ್ತು ಕೊಟ್ಟ ಬೇಡನ ಕಥೆ. ಐವತ್ತೆರಡು ವರ್ಷದ ನಂತರ, ತೀರಿಕೊಂಡ ದಿನ, ಅವರ ಕಣ್ಣುಗಳು ನಿಜವಾಗಿಯೂ ದಾನವಾದವು. 2021ರಲ್ಲಿ ಪುನೀತ್ ಅವರ ಕಣ್ಣುಗಳೂ ಹಾಗೆಯೇ. ಆಗ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ, ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟರು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಕರ್ನಾಟಕದಲ್ಲಿ ಜನ ಮುಗಿಬಿದ್ದದ್ದು ನಮಗೆಲ್ಲ ನೆನಪಿದೆ.

ಫೋಟೊ ತಾನಾಗಿ ಮಾತಾಡಲ್ಲ, ಪಕ್ಕದಲ್ಲಿ ಕೂತು ಯಾರಾದ್ರೂ ಕಥೆ ಹೇಳಬೇಕು. ಕಣ್ಣಪ್ಪನ ಕಥೆ ಗೊತ್ತಿಲ್ಲದವರಿಗೆ ಆ ಸ್ಟಿಲ್ ಬರೀ ಒಂದು ವೇಷ. ಆ ಸಿನಿಮಾವನ್ನು ಟೆಂಟಿನಲ್ಲಿ ಕೂತು ನೋಡಿದವರು ನಮ್ಮ ಮನೆಗಳಲ್ಲಿ ಈಗ ಒಬ್ಬಿಬ್ಬರು ಮಾತ್ರ ಉಳಿದಿದ್ದಾರೆ. ಈ ವಾರ ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಜ್ಜ-ಅಜ್ಜಿಗೆ ಒಂದು ಹಳೇ ಸ್ಟಿಲ್ ತೋರಿಸಿ, ಯಾವ ಊರಿನ ಟೆಂಟು, ಯಾರ ಜೊತೆ ಹೋಗಿದ್ರಿ ಅಂತ ಕೇಳೋಣ. ಹೇಳಿದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳೋಣ. ಫೋಟೊ ಇಂಟರ್ನೆಟ್ಟಿನಲ್ಲಿ ಇನ್ನೂ ನೂರು ವರ್ಷ ಸಿಗಬಹುದು, ಅವರು ಹೇಳುವ ಮಾತು ಸಿಗಲ್ಲ.