ಹಾಜರಿ, ಸಂಬಳ ಮತ್ತು ‘ಎಚ್‌ಆರ್‌ನವರು’

ಕಾರ್ಖಾನೆಯಲ್ಲಿ ಸರಕು ತಯಾರಿಸುವವರದು ಒಂದು ಗುಂಪು. ಅವರ ಹಾಜರಿ, ಸಂಬಳ, ಊಟ, ಬಸ್ಸುಗಳನ್ನು ನೋಡಿಕೊಳ್ಳುವವರದು ಇನ್ನೊಂದು. ಎರಡನೆಯದಕ್ಕೆ ಆಡಳಿತದವರು ಇಟ್ಟ ಹೆಸರು ಪೂರಕ ವಿಭಾಗಗಳು. ಕಾರ್ಮಿಕರ ಬಾಯಲ್ಲಿ ಎಲ್ಲರೂ ಸೇರಿ ‘ಎಚ್‌ಆರ್‌ನವರು’. ಕೋಲಾರ ಜಿಲ್ಲೆಯ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯ ಹಳ್ಳಿಗಳಿಂದ ನರಸಾಪುರ, ವೇಮಗಲ್‌ನ ಕಾರ್ಖಾನೆಗಳಿಗೆ ಹೋಗಿಬರುವ ಯುವಜನರು ಇವರನ್ನು ಅಳೆಯುವುದು ಸಂಬಳದ ದಿನ ಮೊಬೈಲಿಗೆ ಬರುವ ಬ್ಯಾಂಕಿನ ಸಂದೇಶದಿಂದ. ಲೆಕ್ಕ ಸರಿಯಿದ್ದರೆ ಯಾರೂ ಇವರನ್ನು ನೆನೆಯುವುದಿಲ್ಲ. ತಪ್ಪಿದರೆ, ಸಂಬಳ ನುಂಗಿದವರು ಇವರೇ ಎಂಬ ಮಾತು ಹುಟ್ಟುತ್ತದೆ.

ಆ ಮಾತು ಎಲ್ಲಿಗೆ ಮುಟ್ಟಬಲ್ಲದೆಂಬುದು 2020ರ ಡಿಸೆಂಬರ್ 12ರ ಬೆಳಗಿನ ಜಾವ ನರಸಾಪುರದಲ್ಲಿ ಗೊತ್ತಾಯಿತು. ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಸಂಬಳ ಸರಿಯಾಗಿ ಬಂದಿಲ್ಲವೆಂದು ಸಿಟ್ಟಿಗೆದ್ದರು. ಗಾಜುಗಳು ಒಡೆದವು, ವಾಹನಗಳು ಮಗುಚಿದವು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು.

ರಾಜ್ಯದ ಕಾರ್ಖಾನೆಗಳ ಇಲಾಖೆ ತನಿಖೆ ನಡೆಸಿದಾಗ ತಪ್ಪು ಸಿಕ್ಕಿದ್ದು ಪೂರಕ ವಿಭಾಗಗಳಲ್ಲಿ. ಸುಮಾರು 5,000 ಇದ್ದ ಕಾರ್ಮಿಕರ ಸಂಖ್ಯೆ ಸ್ವಲ್ಪವೇ ಕಾಲದಲ್ಲಿ 10,000 ದಾಟಿತ್ತು. ಅದಕ್ಕೆ ತಕ್ಕ ಎಚ್‌ಆರ್ ವಿಭಾಗವಾಗಲಿ, ಕಾರ್ಮಿಕ ಕಾನೂನು ಬಲ್ಲ ಸಿಬ್ಬಂದಿಯಾಗಲಿ ಇರಲಿಲ್ಲ. ಅಕ್ಟೋಬರಿನಿಂದ ಪಾಳಿ 8 ಗಂಟೆಯಿಂದ 12 ಗಂಟೆಗೆ ಏರಿತ್ತು. ಅದೇ ಹೊತ್ತಿಗೆ ಹಾಜರಿ ಹಿಡಿಯುವ ಯಂತ್ರವ್ಯವಸ್ಥೆ ಕೆಟ್ಟು, ರಿಪೇರಿಯಾಗದೆ ಉಳಿದಿತ್ತು. ಗಂಟೆ ಹೆಚ್ಚಾದ ಕಾಲದಲ್ಲೇ ಗಂಟೆ ಎಣಿಸುವವರಿಲ್ಲ! ಜೊತೆಗೆ ಬಹುಪಾಲು ಕಾರ್ಮಿಕರು ಬೇರೆ ಬೇರೆ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕೆಲಸ ಒಬ್ಬರಿಗೆ, ಸಂಬಳ ಇನ್ನೊಬ್ಬರಿಂದ. ಇಂಥ ಏರ್ಪಾಟಿನಲ್ಲಿ ದೂರಿಗೆ ಉತ್ತರ ಕೊಡಬೇಕಾದವರು ಯಾರೆಂಬುದೇ ಮಸುಕಾಗುತ್ತದೆ. ಹಿಂಸೆಗೆ ಇದು ಸಮರ್ಥನೆಯಲ್ಲ, ಕಾರಣ ಮಾತ್ರ.

500ಕ್ಕಿಂತ ಕಡಿಮೆಯಿಲ್ಲದಷ್ಟು ಕಾರ್ಮಿಕರಿದ್ದಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂಬುದು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯ ವಿಧಿಯಾಗಿತ್ತು. ಆದರೂ ಆ ಅಧಿಕಾರಿಗೆ ಸಂಬಳ ಕೊಡುವುದು ಆಡಳಿತವೇ ಆದ್ದರಿಂದ ‘ಅವರ ಕಡೆಯವನು’ ಎಂಬ ಅನುಮಾನ ಸಲೀಸಾಗಿ ಹೋಗುವುದಿಲ್ಲ. ಅದನ್ನು ಕಳೆಯುವುದು ಹಬ್ಬದ ಶುಭಾಶಯವಲ್ಲ, ತಪ್ಪಿದ ಲೆಕ್ಕ ಎಷ್ಟು ಬೇಗ ಸರಿಹೋಗುತ್ತದೆಂಬುದು.

ವಿಸ್ಟ್ರಾನ್ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಹೆಸರು ಹೇಳದೆ ದೂರಬಹುದಾದ 24 ಗಂಟೆಯ ಸಹಾಯವಾಣಿ ಕನ್ನಡ, ತೆಲುಗು, ತಮಿಳಿನಲ್ಲೂ ಶುರುವಾಯಿತು. ಮೂರು ಭಾಷೆ ಬೆರೆತ ಈ ಗಡಿಸೀಮೆಗೆ ಅದು ಮೊದಲೇ ಬೇಕಿತ್ತು. 2023ರಲ್ಲಿ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು. ಇಷ್ಟಕ್ಕೂ ಉತ್ತರ ಕೊಡಬೇಕಾದವರು ಯಾರೆಂಬುದು ಕಾನೂನಿನಲ್ಲಿ ಮಸುಕಾಗಿರಲಿಲ್ಲ: ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಕಂಪನಿಯೇ ಕೊಡಬೇಕೆಂದು ಗುತ್ತಿಗೆ ಕಾರ್ಮಿಕರ ಕಾಯಿದೆ 1970ರಲ್ಲೇ ಹೇಳಿತ್ತು.