ನೋಡಿದ ಮೇಲೆ ಮಾತು

ನಾಟಕ ಮುಗಿದೊಡನೆ ಪ್ರೇಕ್ಷಕರು ಏಳುತ್ತಾರೆ. “ಚೆನ್ನಾಗಿತ್ತು” ಎಂದೋ, “ಒಂದೂ ತಿಳಿಯಲಿಲ್ಲ” ಎಂದೋ ನುಡಿದು ಮನೆಯ ದಾರಿ ಹಿಡಿಯುತ್ತಾರೆ. ನಟರ ಅನೇಕ ವಾರಗಳ ಶ್ರಮ ಆ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಹೊಸ ಕಲೆಯ ಪಾಡಂತೂ ಇನ್ನೂ ಕಠಿಣ. ಯಕ್ಷಗಾನದ ಒಳಿತು ಕೆಡಕುಗಳನ್ನು ತೂಗಲು ಮಲೆನಾಡಿಗರಿಗೆ ಹಿರಿಯರಿಂದ ಬಂದ ತಕ್ಕಡಿಯುಂಟು. ಹೊಸ ನಾಟಕಕ್ಕೆ, ಪರದೇಶದ ಚಿತ್ರಕ್ಕೆ ಅಂತಹ ತಕ್ಕಡಿ ಎಲ್ಲಿಂದ ಬರಬೇಕು?

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ, ಅಡಕೆ ತೋಟಗಳ ನಡುವೆ ಇರುವ ಹೆಗ್ಗೋಡು ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ಸರಳವಾದುದು: ಒಟ್ಟಿಗೆ ನೋಡುವುದು, ಒಟ್ಟಿಗೆ ಕುಳಿತು ಮಾತನಾಡುವುದು.

ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಅಲ್ಲಿ ಹುಟ್ಟಿದುದು 1949ರಲ್ಲಿ. ಜನರ ಬಾಯಲ್ಲಿ ಅದು ‘ನೀನಾಸಮ್’ ಆಯಿತು. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ, ಜಪಾನಿನ ಕುರೊಸಾವ, ಬಂಗಾಳದ ಸತ್ಯಜಿತ್ ರಾಯ್ ಮೊದಲಾದವರ ಚಿತ್ರಗಳನ್ನು ಹಳ್ಳಿಗೇ ಬರಮಾಡಿಕೊಂಡರು. ಬೇಸಾಯಗಾರನಿಗೆ ಇವೆಲ್ಲ ಏಕೆಂದು ಹುಬ್ಬೇರಿಸುವವರು ಯಾವ ಕಾಲದಲ್ಲಿಯೂ ಇದ್ದಾರೆ. ಆದರೆ ಉತ್ತಮ ಕಲೆ ಪಟ್ಟಣಿಗರ ಸ್ವತ್ತೆಂದು ಸುಬ್ಬಣ್ಣನವರು ಒಪ್ಪಲಿಲ್ಲ. ತೋರಿಸಿಬಿಟ್ಟರೆ ಸಾಲದೆಂಬುದನ್ನೂ ಅವರು ಬಲ್ಲರು. ಚಿತ್ರವನ್ನು ನೋಡುವ ಬಗೆಯನ್ನು ಕಲಿಸಲು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದೂರರು ಹೆಗ್ಗೋಡಿಗೆ ಬಂದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು.

ಈ ಸಾಧನೆಯ ಫಲವೇ ಅಕ್ಟೋಬರಿನ ಸಂಸ್ಕೃತಿ ಶಿಬಿರ. ಯು. ಆರ್. ಅನಂತಮೂರ್ತಿಯವರು ಅನೇಕ ವರ್ಷ ಅದರ ಚರ್ಚೆಗಳನ್ನು ನಡೆಸಿಕೊಟ್ಟರು. ಸಂಜೆ ನಾಟಕ, ಮರುದಿನ ಬೆಳಿಗ್ಗೆ ಅದರ ಮೇಲೆ ಮಾತು. ನಡುವೆ ಒಂದು ಇರುಳು ಕಳೆಯುವುದು ಸಣ್ಣ ಸಂಗತಿಯಲ್ಲ. ರಾತ್ರಿಯ ಬೆರಗೂ ಬೇಸರವೂ ನಿದ್ರೆಯಲ್ಲಿ ತಿಳಿಯಾಗುತ್ತವೆ. ಬೆಳಿಗ್ಗೆ ಉಳಿದಿರುವುದು ನಿಜವಾಗಿ ಮನಸ್ಸಿಗೆ ತಟ್ಟಿದ ಅಂಶ ಮಾತ್ರ. ವಿದ್ಯಾರ್ಥಿ, ಅಧ್ಯಾಪಕ, ಗೃಹಿಣಿ, ಕೃಷಿಕ ಎಲ್ಲರೂ ಅಲ್ಲಿ ಪ್ರೇಕ್ಷಕರೇ. “ತಿಳಿಯಲಿಲ್ಲ” ಎಂಬ ಮಾತು ಅಲ್ಲಿ ಕೊನೆಯ ಮಾತಲ್ಲ, ಮೊದಲ ಮಾತು. ಎಲ್ಲಿ ತಿಳಿಯಲಿಲ್ಲ, ಯಾವ ದೃಶ್ಯದಲ್ಲಿ ಮನಸ್ಸು ಜಾರಿತು ಎಂದು ಒಬ್ಬರು ಕೇಳಿದರೆ, ತಾನು ಕಂಡುದನ್ನು ಇನ್ನೊಬ್ಬರು ಹೇಳುತ್ತಾರೆ. ಒಬ್ಬರ ಕಣ್ಣು ಬಿಟ್ಟುದನ್ನು ಮತ್ತೊಬ್ಬರ ಕಣ್ಣು ಹಿಡಿದಿರುತ್ತದೆ. ಭಿನ್ನಾಭಿಪ್ರಾಯ ಉಳಿದರೂ ಹಾನಿಯಿಲ್ಲ; ಅದೀಗ ಕಾರಣ ಬಲ್ಲ ಭಿನ್ನಾಭಿಪ್ರಾಯ.

1985ರಲ್ಲಿ ಆರಂಭವಾದ ನೀನಾಸಮ್ ‘ತಿರುಗಾಟ’ದಿಂದ ಹೊಸ ನಾಟಕಗಳು ನಾಡಿನ ಊರೂರನ್ನು ಮುಟ್ಟಿದುವು. ನಾಟಕವೇನೋ ಊರಿಗೆ ಬಂದೀತು. ಮರುದಿನದ ಮಾತನ್ನು ಯಾರೂ ಲಾರಿಯಲ್ಲಿ ಹೇರಿ ತರಲಾರರು. ಅದನ್ನು ಆ ಊರಿನವರೇ ಆಡಬೇಕು. ಅದಕ್ಕೆ ರಂಗಮಂದಿರ ಬೇಡ, ದೀಪಗಳ ಸಾಲು ಬೇಡ. ಒಂದು ಜಗಲಿ, ಹತ್ತು ಜನ, ಮತ್ತೊಬ್ಬರ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ ಇದ್ದರೆ ಸಾಕು.

ಸುಬ್ಬಣ್ಣನವರು 2005ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಆಸ್ತಿಯಲ್ಲಿ ಕಟ್ಟಡಗಳಿಗಿಂತ ಈ ಅಭ್ಯಾಸವೇ ಹೆಚ್ಚು ಬೆಲೆಯುಳ್ಳದು.