ಮನೆವಾರ್ತೆಯಲ್ಲಿ ಅರಸುವ ಮಾತುಗಳು

ಕನ್ನಡದಲ್ಲಿ 'ಅರಸು' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ನಾಮಪದವಾದರೆ ರಾಜ, ಕ್ರಿಯಾಪದವಾದರೆ ಹುಡುಕು. ಹಳೆಯ ಓಲೆಗರಿಯನ್ನು ಓದುವ ವಿದ್ವಾಂಸರು ಹಿಂದುಮುಂದಿನ ಮಾತುಗಳನ್ನು ನೋಡಿ, ಇಲ್ಲಿ ಯಾವ ಅರ್ಥ ಸಲ್ಲುತ್ತದೆಂದು ಕ್ಷಣದಲ್ಲಿ ನಿರ್ಣಯಿಸಬಲ್ಲರು. ಸಂದರ್ಭದ ಅರಿವಿಲ್ಲದೆ ಅಕ್ಷರಗಳನ್ನು ಮಾತ್ರ ಬಲ್ಲ ಓದುಗನೊಬ್ಬನಿದ್ದರೆ ಅವನ ಪಾಡೇನು? ರಾಜನನ್ನು ಕೇಳಿದವರಿಗೆ ಹುಡುಕಾಟವನ್ನೂ, ಹುಡುಕಾಟವನ್ನು ಕೇಳಿದವರಿಗೆ ರಾಜನನ್ನೂ ತಂದೊಪ್ಪಿಸಿಯಾನು. ಅಂಥ ಓದುಗನೊಬ್ಬ ಇಂದು ಮನೆಮನೆಯಲ್ಲಿಯೂ ಬಂದು ಕುಳಿತಿದ್ದಾನೆ. ಮೊಬೈಲ್ ಫೋನಿನ ಮೂಲಕ ನಾವು ಪ್ರಶ್ನೆ ಕೇಳುವ ಶೋಧಯಂತ್ರವೇ ಅವನು.

ಮನೆವಾರ್ತೆಯನ್ನು ಕುರಿತು ಬರೆದವರಿಗೆಲ್ಲ ಒಂದು ವಿಚಿತ್ರ ಅನುಭವವಾಗುವುದುಂಟು. ಉಪ್ಪಿನಕಾಯಿ ಕೆಡದಂತೆ ಇಡುವ ಕ್ರಮವನ್ನು ಬರೆದಿರುತ್ತಾರೆ; ಅದನ್ನು ಓದಲು ಬಂದವರು ಹುಡುಕುತ್ತಿದ್ದುದು ಮತ್ತೇನನ್ನೋ ಆಗಿರುತ್ತದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಅಡುಗೆಮನೆಯಲ್ಲಿ ಹಲ್ಲಿಯ ಕಾಟವನ್ನು ತಪ್ಪಿಸಲು ಮೊಟ್ಟೆಯ ಚಿಪ್ಪನ್ನಿಡುವ ರೂಢಿಯ ಬಗ್ಗೆ ಒಬ್ಬ ಗೃಹಿಣಿ ಬರೆಯುತ್ತಾರೆ. ಸೂರಿನಿಂದ ಹಲ್ಲಿ ತಲೆಯ ಮೇಲೆ ಬಿತ್ತೆಂದು ಪುಟದಲ್ಲೆಲ್ಲೋ ಒಂದು ಮಾತು ಸೇರಿರುತ್ತದೆ. ಹಲ್ಲಿ ಬಿದ್ದರೆ ಶುಭವೋ ಅಶುಭವೋ ಎಂದು ಶಕುನ ಕೇಳುವವರು ಆ ಪುಟಕ್ಕೇ ಬಂದು ನಿಲ್ಲುತ್ತಾರೆ. ಬರೆದವರಿಗೂ ಅಚ್ಚರಿ, ಬಂದವರಿಗೂ ಅಚ್ಚರಿ. ಇದು ಹೇಗೆ ಆಗುತ್ತದೆ, ಇದರಿಂದ ನಾವು ಏನನ್ನು ತಿಳಿಯಬಹುದು ಎಂಬುದನ್ನು ಈಗ ವಿಚಾರಿಸಬಹುದು.

ಶೋಧಯಂತ್ರದ ಮೂಲತತ್ತ್ವ ಹೊಸದಲ್ಲ. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯೇ ಅದರ ಪೂರ್ವಜ. ಹದಿಮೂರನೆಯ ಶತಮಾನದಲ್ಲಿ ಪ್ಯಾರಿಸಿನಲ್ಲಿ ಸೇಂಟ್ ಶೇರಿನ ಹ್ಯೂ ಎಂಬ ಪಾದ್ರಿಯ ನೇತೃತ್ವದಲ್ಲಿ ಡೊಮಿನಿಕನ್ ಸಂನ್ಯಾಸಿಗಳು ಲ್ಯಾಟಿನ್ ಬೈಬಲ್ಲಿನ ಯಾವ ಶಬ್ದ ಎಲ್ಲೆಲ್ಲಿ ಬಂದಿದೆಯೆಂಬ ಪಟ್ಟಿಯನ್ನು ಸಿದ್ಧಪಡಿಸಿದರು. ಮನೆವಾರ್ತೆಯ ಪುಸ್ತಕಗಳಿಗೂ ಈ ಉಪಾಯ ಬಂದಿತು. 1861ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಇಸಬೆಲಾ ಬೀಟನ್ನರ ಗೃಹನಿರ್ವಹಣೆಯ ಗ್ರಂಥ ಮೊದಲ ವರ್ಷದಲ್ಲಿಯೇ 60,000 ಪ್ರತಿಗಳಷ್ಟು ಖರ್ಚಾಯಿತು. ಅದರಲ್ಲಿ ಪ್ರತಿಯೊಂದು ಪ್ಯಾರಾಕ್ಕೂ ಕ್ರಮಸಂಖ್ಯೆಯಿತ್ತು. ವಿಸ್ತಾರವಾದ ಸೂಚಿಯನ್ನು ಗ್ರಂಥದ ಮೊದಲಲ್ಲಿಯೇ ಇಟ್ಟಿದ್ದರು. ಒಲೆಯ ಮೇಲೆ ಪಾತ್ರೆಯನ್ನಿಟ್ಟವರಿಗೆ ಪುಟ ತಿರುವುತ್ತ ಕೂರುವ ವ್ಯವಧಾನವಿಲ್ಲವೆಂಬುದನ್ನು ಆಕೆ ಬಲ್ಲವರಾಗಿದ್ದರು. 1865ರಲ್ಲಿ ಕೇವಲ 28ನೆಯ ವಯಸ್ಸಿನಲ್ಲಿ ತೀರಿಕೊಂಡ ಆ ತರುಣಿಯ ಹೆಸರು ಮನೆಯ ಹಿರಿಯಳೊಬ್ಬಳ ಹೆಸರಿನಂತೆ ಒಂದು ಶತಮಾನಕ್ಕೂ ಮಿಕ್ಕಿ ಬಾಳಿತು.

ಶೋಧಯಂತ್ರ ಮಾಡುವುದೂ ಮೂಲತಃ ಇದನ್ನೇ. ಅದು ಜಾಲದಲ್ಲಿರುವ ಪುಟಗಳನ್ನು ಮೊದಲೇ ಓದಿ, ಒಂದೊಂದು ಶಬ್ದದ ಮುಂದೆಯೂ ಅದು ಕಾಣಿಸಿಕೊಂಡ ಪುಟಗಳ ವಿಳಾಸವನ್ನು ಬರೆದಿಟ್ಟುಕೊಳ್ಳುತ್ತದೆ. ನಾವು ಮೂರು ಶಬ್ದಗಳನ್ನು ಕೊಟ್ಟರೆ, ಆ ಮೂರು ಪಟ್ಟಿಗಳಲ್ಲಿಯೂ ಸಾಮಾನ್ಯವಾಗಿರುವ ಪುಟಗಳನ್ನು ಆಯ್ದು ತೆಗೆಯುತ್ತದೆ. ಅವುಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಇದಕ್ಕೊಂದು ಜಾಣ ಪರಿಹಾರವನ್ನು ಕಂಡುಕೊಂಡು 1998ರಲ್ಲಿ ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದರು. ಇತರ ಪುಟಗಳು ಯಾವ ಪುಟದತ್ತ ಹೆಚ್ಚಾಗಿ ಬೆರಳು ತೋರಿಸುತ್ತವೆಯೋ, ಬೆರಳು ತೋರಿಸಿದವರಿಗೂ ಎಷ್ಟು ಮರ್ಯಾದೆಯಿದೆಯೋ, ಅದನ್ನು ಲೆಕ್ಕ ಹಾಕಿ ಪುಟಗಳಿಗೆ ಪಂಕ್ತಿ ಹಾಕುವುದು ಅವರ ಕ್ರಮ. ಊರಿನಲ್ಲಿ ನಾಲ್ಕು ಜನ ಹಿರಿಯರು ಹೇಳಿದ ವೈದ್ಯನ ಬಳಿಗೆ ರೋಗಿ ಹೋಗುವಂತೆ ಇದು.

ಇಷ್ಟಾದರೂ ಯಂತ್ರ ನೋಡುವುದು ಮೊದಲಿಗೆ ಶಬ್ದಗಳ ಕೂಟವನ್ನು. ಕನ್ನಡದಂಥ ಭಾಷೆಯಲ್ಲಿ ಈ ಕೂಟ ಎಷ್ಟು ಬಗೆಯಲ್ಲಿ ದಾರಿ ತಪ್ಪಿಸಬಲ್ಲದೆಂಬುದನ್ನು ನೋಡಿ. 'ಬಟ್ಟೆಯ ಕಲೆ' ಎಂದು ಒಬ್ಬರು ಕೇಳುತ್ತಾರೆ. ಸೀರೆಯ ಮೇಲೆ ಸಾರು ಚೆಲ್ಲಿದ ಗುರುತನ್ನು ತೆಗೆಯುವುದು ಅವರ ಉದ್ದೇಶ. ನೇಯ್ಗೆ, ಕಸೂತಿಗಳೂ ಬಟ್ಟೆಯ ಕಲೆಗಳೇ ಅಲ್ಲವೆ! 'ಅಡಿಗೆ' ಎಂದರೆ ಪಾಕ. 'ಅಡಿ'ಗೆ ಚತುರ್ಥೀ ವಿಭಕ್ತಿ ಹತ್ತಿದರೂ ಅದೇ ರೂಪ. ಅದೇ ಪಾಕವನ್ನು 'ಅಡುಗೆ' ಎಂದು ಬರೆಯುವವರೂ ಇದ್ದಾರೆ. ಅರಿಶಿನ, ಅರಿಸಿನ, ಅರಸಿನ ಎಂದು ಒಂದೇ ಬೇರಿಗೆ ಹಲವು ಕಾಗುಣಿತ. ಮೈಸೂರು ಕಡೆಯವರು ಕೊತ್ತಂಬರಿ ಬೀಜವೆಂದು ಕೇಳುವುದನ್ನು ಧಾರವಾಡದವರು ಹವೀಜವೆನ್ನುತ್ತಾರೆ. ಇದಲ್ಲದೆ ಮನೆ, ಮನೆಯ, ಮನೆಗೆ, ಮನೆಯಲ್ಲಿ, ಮನೆಯಿಂದ ಎಂದು ಶಬ್ದದ ಬಾಲ ಬೆಳೆಯುತ್ತದೆ. ಕನ್ನಡ ಲಿಪಿ 1991ರಲ್ಲಿಯೇ ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತ ವ್ಯವಸ್ಥೆಗೆ ಸೇರಿತಾದರೂ, ಬಹುಕಾಲ ಒಂದೊಂದು ಅಕ್ಷರವಿನ್ಯಾಸಕ್ಕೆ ಒಂದೊಂದು ಬೇರೆ ಸಂಕೇತಗಳ ಬಳಕೆಯಿತ್ತು. ಇಂದಿಗೂ ಅನೇಕರು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತಮಗೆ ತೋಚಿದಂತೆ ಬರೆದು ಕೇಳುತ್ತಾರೆ. ಇಷ್ಟೆಲ್ಲ ತೊಡಕುಗಳ ನಡುವೆ ಕೇಳಿದವರು ಬಯಸಿದ ಪುಟವನ್ನೇ ಮುಟ್ಟುವುದು ಅಚ್ಚರಿಯೆನ್ನಬೇಕು. ಬೇರೆ ಪುಟವನ್ನು ಮುಟ್ಟುವುದಲ್ಲ.

ದಾರಿ ತಪ್ಪಿ ಬಂದವರೆಲ್ಲ ಬರಿಗೈಯಲ್ಲಿ ಮರಳುವುದಿಲ್ಲ. 'ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಯಿತು, ಏಕೆ' ಎಂದು ಕೇಳಿದವರು ಓಕುಳಿ ಕಲಸುವ ಕ್ರಮವನ್ನು ವಿವರಿಸುವ ಪುಟಕ್ಕೆ ಹೋದರೆಂದಿಟ್ಟುಕೊಳ್ಳಿ. ತಪ್ಪು ಮನೆಯ ಬಾಗಿಲು ತಟ್ಟಿದಂತೆ ಮೇಲುನೋಟಕ್ಕೆ ತೋರಬಹುದು. ಆದರೆ ಉತ್ತರ ಅಲ್ಲಿಯೇ ಇದೆ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಎಂಬ ವಸ್ತು ಕ್ಷಾರದೊಡನೆ ಸೇರಿದಾಗ ಕೆಂಪಾಗುತ್ತದೆ. ಸೋಪಿನಲ್ಲಿಯೂ ಕ್ಷಾರವಿದೆ, ಸುಣ್ಣದಲ್ಲಿಯೂ ಇದೆ. ಅರಿಶಿನದ ನೀರಿಗೆ ಸುಣ್ಣ ಹಾಕಿ ಆರತಿಯ ಓಕುಳಿ ಮಾಡಿದ ನಮ್ಮ ಅಜ್ಜಿಯರು, ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡಿದವರು, ಈ ರಸಾಯನವನ್ನು ಕೈಯಿಂದ ಬಲ್ಲವರಾಗಿದ್ದರು. ನಿಂಬೆಯ ಹುಳಿ ಸೋಕಿದರೆ ಕೆಂಪು ಮತ್ತೆ ಹಳದಿಗೆ ತಿರುಗುತ್ತದೆ. ಬಟ್ಟೆಯನ್ನು ಬಿಸಿಲಿಗೆ ಹರಡಿದರೆ ಆ ಹಳದಿಯೂ ಕ್ರಮೇಣ ಮಾಸುತ್ತದೆ. ಮನೆವಾರ್ತೆಯ ಪ್ರಶ್ನೆಗಳು ಕ್ಷುಲ್ಲಕವೆಂದು ತಿಳಿಯುವವರು ಇದನ್ನು ಗಮನಿಸಬೇಕು.

ಎಲ್ಲ ತಪ್ಪುಗಳೂ ಹೀಗೆ ಮಂಗಳವಾಗಿ ಮುಗಿಯುವುದಿಲ್ಲ. ಬಚ್ಚಲುಮನೆ ತೊಳೆಯಲು ಆ್ಯಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಹಾಕಬಹುದೇ ಎಂದು ಒಬ್ಬರು ಹುಡುಕುತ್ತಾರೆ. ಅವೆರಡು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಇಕ್ಕಟ್ಟಾದ ಕೋಣೆಯಲ್ಲಿ ಅದು ಶ್ವಾಸಕೋಶಕ್ಕೆ ಅಪಾಯಕಾರಿ, ಪ್ರಾಣಾಂತಿಕವೂ ಆಗಬಹುದು. 'ಬೆರೆಸಬಾರದು' ಎಂದು ಬರೆದ ಪುಟವೂ 'ಬೆರೆಸಬೇಕು' ಎಂದು ತಿಳಿಯದೆ ಬರೆದ ಪುಟವೂ ಯಂತ್ರದ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿರುತ್ತವೆ. ಶಬ್ದದ ಬಾಲವನ್ನು ಕತ್ತರಿಸಿ ಧಾತುವನ್ನು ಮಾತ್ರ ಉಳಿಸಿಕೊಳ್ಳುವುದು ಇಂಥ ಯಂತ್ರಗಳ ಹಳೆಯ ಕ್ರಮ. ಹಾಗೆ ಕತ್ತರಿಸಿದರೆ ಎರಡು ಕಡೆಯಲ್ಲಿಯೂ ಉಳಿಯುವುದು 'ಬೆರೆಸು' ಎಂಬುದೊಂದೇ. ನಮ್ಮ ಭಾಷೆಯಲ್ಲಿ ನಿಷೇಧ ಕ್ರಿಯಾಪದದ ಬಾಲದಲ್ಲಿದೆ. ಬಾಲ ಹೋದರೆ ಎಚ್ಚರಿಕೆಯೂ ಹೋಯಿತು. ಸಣ್ಣ ಮಾತುಗಳ ಈ ಮಹತ್ತ್ವ ಯಂತ್ರಗಳನ್ನು ಕಟ್ಟಿದವರಿಗೆ ತಿಳಿಯದಿರಲಿಲ್ಲ. 2019ರಲ್ಲಿ ಗೂಗಲ್ ಸಂಸ್ಥೆ ವಾಕ್ಯದ ಹಿಂದುಮುಂದನ್ನು ಒಟ್ಟಾಗಿ ನೋಡುವ ಹೊಸ ವಿಧಾನವೊಂದನ್ನು ಅಳವಡಿಸಿದಾಗ ಕೊಟ್ಟ ಉದಾಹರಣೆ ಇಂಥದೇ: ಬ್ರೆಜಿಲ್ ದೇಶದವನು ಅಮೆರಿಕಕ್ಕೆ ಹೋಗಲು ವೀಸಾ ಬೇಕೇ ಎಂದು ಕೇಳಿದರೆ, ಅಮೆರಿಕದವನು ಬ್ರೆಜಿಲಿಗೆ ಹೋಗುವ ವಿಷಯವನ್ನು ತೋರಿಸಬಾರದು. ಅಲ್ಲಿಂದೀಚೆಗೆ ಯಂತ್ರಗಳು ಬಹಳ ಸುಧಾರಿಸಿವೆ, ವಾಕ್ಯರೂಪದಲ್ಲಿ ತಾವೇ ಉತ್ತರ ಹೇಳುವ ಮಟ್ಟಕ್ಕೂ ಬಂದಿವೆ. ಆದರೂ ಪ್ರಾಣಕ್ಕೆ ಸಂಬಂಧಿಸಿದ ವಿಷಯದಲ್ಲಿ ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಸ್ವತಃ ಓದುವುದು ಲೇಸು.

ಇನ್ನು, ಜನ ಏನನ್ನು ಕೇಳುತ್ತಾರೆಂಬ ಪ್ರಶ್ನೆ. ಪ್ರತಿದಿನ ತನ್ನ ಬಳಿಗೆ ಬರುವ ಪ್ರಶ್ನೆಗಳಲ್ಲಿ ಶೇಕಡಾ 15ರಷ್ಟು ಹಿಂದೆಂದೂ ಅದೇ ರೂಪದಲ್ಲಿ ಬಾರದಿದ್ದವು ಎಂದು ಗೂಗಲ್ ಸಂಸ್ಥೆ ಹಲವು ವರ್ಷಗಳಿಂದ ಹೇಳುತ್ತ ಬಂದಿದೆ. ಮನುಷ್ಯನ ಕಷ್ಟಗಳು ಹಳೆಯವೇ. ಅವನ್ನು ಹೇಳಿಕೊಳ್ಳುವ ಬಗೆ ಮಾತ್ರ ಒಬ್ಬೊಬ್ಬರದು ಒಂದೊಂದು. ನೆರೆಮನೆಯವರೊಡನೆ ಆಡಲಾಗದ ಮಾತನ್ನು, ಅತ್ತೆಯನ್ನು ಕೇಳಲಾಗದ ಪ್ರಶ್ನೆಯನ್ನು ಯಂತ್ರದೆದುರು ನಿಸ್ಸಂಕೋಚವಾಗಿ ಇಡುವವರಿದ್ದಾರೆ. ಹೆಸರು ಹೇಳಬೇಕಾಗಿಲ್ಲವೆಂಬುದೇ ಇದಕ್ಕೆ ಕಾರಣ. ಇದೂ ಹೊಸ ಸಂಗತಿಯಲ್ಲ. 1691ರಲ್ಲಿ ಲಂಡನ್ನಿನಲ್ಲಿ ಜಾನ್ ಡಂಟನ್ ಎಂಬ ಪ್ರಕಾಶಕ 'ಅಥೀನಿಯನ್ ಮರ್ಕ್ಯುರಿ' ಎಂಬ ಪತ್ರಿಕೆಯನ್ನು ಹೊರಡಿಸಿ, ಹೆಸರಿಲ್ಲದೆ ಪತ್ರ ಬರೆದು ಯಾವ ಪ್ರಶ್ನೆಯನ್ನಾದರೂ ಕೇಳಬಹುದೆಂದು ಸಾರಿದ. ಪ್ರಕೃತಿಶಾಸ್ತ್ರದ ಪ್ರಶ್ನೆಗಳ ಜೊತೆಗೆ ಪ್ರೇಮ, ವಿವಾಹ, ಸಂಸಾರದ ಪ್ರಶ್ನೆಗಳೂ ಬಂದವು. ಹೆಂಗಸರೂ ಬರೆದರು. 1693ರಲ್ಲಿ ಆತ ಅವರಿಗೆಂದೇ ಬೇರೊಂದು ಪತ್ರಿಕೆಯನ್ನು ಸಹ ತೆಗೆದ. ಮರೆಯಿದ್ದರೆ ಬಾಯಿ ತೆರೆಯುತ್ತದೆಂಬುದನ್ನು ಆ ಪ್ರಕಾಶಕ ಮುನ್ನೂರು ವರ್ಷಗಳಿಗೂ ಹಿಂದೆ ಕಂಡುಕೊಂಡಿದ್ದ.

ಆದರೆ ಯಂತ್ರದ ಎದುರಿನ ಮರೆ ನಿಜವಾದ ಮರೆಯೇ? 2006ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಎಓಎಲ್ ಸಂಸ್ಥೆ ಸಂಶೋಧಕರ ಉಪಯೋಗಕ್ಕೆಂದು ಸುಮಾರು 6,50,000 ಬಳಕೆದಾರರು ಮೂರು ತಿಂಗಳಲ್ಲಿ ಹುಡುಕಿದ ಸುಮಾರು ಎರಡು ಕೋಟಿ ಮಾತುಗಳನ್ನು ಪ್ರಕಟಿಸಿತು. ಹೆಸರುಗಳನ್ನು ತೆಗೆದು ಸಂಖ್ಯೆಗಳನ್ನು ಹಾಕಿದ್ದರು. ಕೆಲವೇ ದಿನಗಳಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ವರದಿಗಾರರು ಒಂದು ಸಂಖ್ಯೆಯ ಹಿಂದಿದ್ದ ವೃದ್ಧೆಯೊಬ್ಬರ ಮನೆಯನ್ನು ಪತ್ತೆಹಚ್ಚಿದರು. ಆಕೆ ಹುಡುಕಿದ್ದು ಬೆರಳು ಜೋಮು ಹಿಡಿಯುವುದರ ಬಗ್ಗೆ, ಎಲ್ಲೆಂದರಲ್ಲಿ ಮೂತ್ರ ಮಾಡುವ ನಾಯಿಯ ಬಗ್ಗೆ, ತಮ್ಮ ವಯಸ್ಸಿನ ಒಂಟಿ ಗಂಡಸರ ಬಗ್ಗೆ. ಒಂದೊಂದಾಗಿ ನೋಡಿದರೆ ಯಾರಾದರೂ ಕೇಳಬಹುದಾದ ಮಾತುಗಳು. ಒಟ್ಟುಗೂಡಿಸಿದರೆ ಒಬ್ಬರ ಬಾಳು. ತಾನು ಬರೆಯುತ್ತಿದ್ದೇನೆಂದು ತಿಳಿಯದೆಯೇ ಬರೆದ ದಿನಚರಿಯದು. ಸಂಸ್ಥೆ ಆ ಮಾಹಿತಿಯನ್ನು ಬೇಗನೆ ಹಿಂತೆಗೆದುಕೊಂಡಿತು, ಆದರೆ ಅಷ್ಟರಲ್ಲಿ ಅದರ ಪ್ರತಿಗಳು ಹರಡಿಹೋಗಿದ್ದವು.

ಹಿಂದೆ ಓದುಗ ಯಾವ ಮಾತನ್ನು ಹುಡುಕಿ ಬಂದನೆಂಬುದು ಅವನ ಜೊತೆಯಲ್ಲಿಯೇ ಪುಟದ ಒಡೆಯನಿಗೆ ತಲುಪುತ್ತಿತ್ತು. 2011ರಿಂದ ಗೂಗಲ್ ಸಂಸ್ಥೆ ಇದನ್ನು ಮರೆಮಾಡತೊಡಗಿತು. 2013ರ ವೇಳೆಗೆ ಬಹುಮಟ್ಟಿಗೆ ಎಲ್ಲ ಹುಡುಕಾಟಗಳಿಗೂ ಈ ಕ್ರಮ ಬಂದಿತು. ಈಗ ಬರೆದವರಿಗೆ ದೊರೆಯುವುದು ಒಟ್ಟಾರೆ ಲೆಕ್ಕ ಮಾತ್ರ. ಕೆಲವೇ ಜನ ಕೇಳಿದ ಅಪರೂಪದ ಮಾತುಗಳು ಅದರಲ್ಲಿ ಕಾಣುವುದಿಲ್ಲ. ತಮಾಷೆಯ ಮಾತುಗಳ ಪಟ್ಟಿ ತಪ್ಪಿಹೋಯಿತೆಂದು ಕೆಲವರಿಗೆ ಬೇಸರವಾಗಿರಬಹುದು. ಅಪರೂಪದ ಮಾತಿನಲ್ಲಿಯೇ ಕೇಳಿದವರ ಗುರುತು ಹೆಚ್ಚಾಗಿ ಅಡಗಿರುವುದರಿಂದ ಈ ಮರೆ ನ್ಯಾಯವಾದುದೇ. ಆದರೆ ಇದು ಪುಟದ ಒಡೆಯನಿಗೆ ಮಾತ್ರ ಹಾಕಿದ ತೆರೆ. ಶೋಧಯಂತ್ರದ ಒಡೆಯರು ಅದರ ಒಳಗಡೆಯೇ ಇದ್ದಾರೆಂಬುದನ್ನು ಮರೆಯಬಾರದು.

ಹುಡುಕಿದ ಮಾತುಗಳಿಂದ ಸಮಾಜದ ಸ್ಥಿತಿಯನ್ನೇ ಅಳೆಯಬಹುದೆಂಬ ಉತ್ಸಾಹವೂ ಒಮ್ಮೆ ಇತ್ತು. ಜ್ವರ, ಕೆಮ್ಮುಗಳ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನು ಎಣಿಸಿ ಫ್ಲೂ ಜ್ವರದ ಹರಡುವಿಕೆಯನ್ನು ಅಂದಾಜು ಮಾಡುವ ವ್ಯವಸ್ಥೆಯನ್ನು ಗೂಗಲ್ 2008ರಲ್ಲಿ ಆರಂಭಿಸಿತು. ಆದರೆ 2012-13ರ ಚಳಿಗಾಲದಲ್ಲಿ ಅದರ ಅಂದಾಜು ಅಮೆರಿಕದ ಆರೋಗ್ಯ ಇಲಾಖೆಯ ಲೆಕ್ಕಕ್ಕಿಂತ ಸುಮಾರು ಎರಡು ಪಟ್ಟಾಯಿತು. 2015ರಲ್ಲಿ ಅದನ್ನು ನಿಲ್ಲಿಸಿದರು. ಜ್ವರ ಬಂದವರು ಮಾತ್ರ ಜ್ವರದ ಬಗ್ಗೆ ಕೇಳುವುದಿಲ್ಲ. ಪತ್ರಿಕೆಯಲ್ಲಿ ಓದಿ ಹೆದರಿದವರೂ, ದೂರದಲ್ಲಿರುವ ಮಗಳ ಚಿಂತೆಯಲ್ಲಿರುವ ತಾಯಿಯೂ ಕೇಳುತ್ತಾರೆ. ಪ್ರಶ್ನೆ ಮನಸ್ಸಿನ ಕನ್ನಡಿಯೇ ಹೊರತು ಮೈಯ ಕನ್ನಡಿಯಲ್ಲ.

ಆದ್ದರಿಂದ ಮನೆವಾರ್ತೆಯ ವಿಷಯವನ್ನು ಬರೆಯುವವರಿಗೆ ಈ ಮಾತುಗಳಿಂದ ಒಂದು ಪಾಠವಿದೆ. ಜನ ಶಾಸ್ತ್ರದ ಪರಿಭಾಷೆಯಲ್ಲಿ ಕೇಳುವುದಿಲ್ಲ. 'ಹಿಟ್ಟು ಉಬ್ಬಲಿಲ್ಲ, ನಾಳೆ ನೆಂಟರು ಬರುತ್ತಾರೆ, ಏನು ಮಾಡಲಿ' ಎಂದು ಕೇಳುತ್ತಾರೆ. ಅವರು ಬಳಸುವ ಶಬ್ದ ನಮ್ಮ ಬರಹದಲ್ಲಿಯೂ ಇದ್ದರೆ ಇಬ್ಬರೂ ಸಂಧಿಸಲು ಸಾಧ್ಯ. ಬಾರದು, ಕೂಡದು ಎಂಬ ನಿಷೇಧವನ್ನು ವಾಕ್ಯದ ಕೊನೆಯಲ್ಲಿ ಅಡಗಿಸದೆ ಬೇರೆಯಾಗಿ, ಎದ್ದು ಕಾಣುವಂತೆ ಹೇಳಿದರೆ ಅಪಾಯವೂ ಕಡಿಮೆ. ಕೇಳುವವರಾದ ನಾವು ಊರು, ಪದಾರ್ಥ, ಸಂದರ್ಭಗಳನ್ನು ಕೂಡಿಸಿ ಕೇಳಿದರೆ ಉತ್ತರ ಹತ್ತಿರ ಬರುತ್ತದೆ. ನಮ್ಮ ಗುಟ್ಟನ್ನು ಹೊರಗೆಡಹುವ ವಿವರಗಳನ್ನು ಕೂಡಿಸದಿರುವುದೂ ಅಷ್ಟೇ ಅಗತ್ಯ. ಯಾರೋ ವಿಚಿತ್ರವಾದ ಮಾತನ್ನು ಹುಡುಕಿದರೆಂದು ನಗುವ ಮೊದಲು, ಆ ಹೊತ್ತಿನಲ್ಲಿ ಅದನ್ನು ಕೇಳಲು ಅವರ ಹತ್ತಿರ ಬೇರೆ ಯಾರೂ ಇರಲಿಲ್ಲವೇನೋ ಎಂದು ಯೋಚಿಸುವುದು ಒಳ್ಳೆಯದು.